ಚಿಪ್ಪಿನ ಬಾಟಲಿ

ಬೀಚೆಂದರೆ ಮರಳು, ಚುರುಮುರಿ, ಸೂರ್ಯಾಸ್ತದ ಫೋಟೊ ಇಷ್ಟೇ ಅಲ್ಲ ಮಾರಾಯ್ರೆ! ಕಾಪು ಲೈಟ್‌ಹೌಸ್ ಸುತ್ತಲಿನ ಬಂಡೆಗಳಲ್ಲಿ, ಸಮುದ್ರ ಇಳಿದಾಗ ನೀರು ನಿಲ್ಲುವ ಪುಟ್ಟ ಹೊಂಡಗಳನ್ನು ಮಕ್ಕಳಿಗೊಮ್ಮೆ ತೋರಿಸಿ.

ನಾವು ಹೋಗುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಆಗ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ಮೊದಲೇ ಸಮಯ ನೋಡಿಕೊಳ್ಳುತ್ತೇವೆ. ಪಾಚಿ ಜಾರುತ್ತದೆ, 7 ವರ್ಷದ ಮಗ ಒಂದು ಕೈಗೆ, 4 ವರ್ಷದ ಮಗಳು ಇನ್ನೊಂದು ಕೈಗೆ. ಮಳೆಗಾಲದಲ್ಲಿ ಆ ಕಡೆ ತಲೆಯೇ ಹಾಕುವುದಿಲ್ಲ.

ಮಗಳಿಗೆ ಚಿಪ್ಪು ಕೂಡಿಡುವ ಹುಚ್ಚು. ಮನೆಯಲ್ಲಿ ಒಂದು ಬಾಟಲಿ ತುಂಬಾ ಇತ್ತು. ಕಳೆದ ಡಿಸೆಂಬರಿನಲ್ಲಿ ಹೊಂಡದಿಂದ ಒಂದು ಶಂಖ ಎತ್ತಿದಳು ನೋಡಿ, ಒಳಗಿಂದ ಕಾಲುಗಳು ಹೊರಬಂದವು! ಸನ್ಯಾಸಿ ಏಡಿ. ಇದರ ಹೊಟ್ಟೆ ಮೆತ್ತಗೆ, ಕಾಪಾಡಲು ಸ್ವಂತ ಚಿಪ್ಪಿಲ್ಲ, ಬೆಳೆದ ಹಾಗೆ ದೊಡ್ಡ ಖಾಲಿ ಶಂಖ ಹುಡುಕಿ ಮನೆ ಬದಲಿಸುತ್ತದೆ ಎಂದೆ.

"ಸಿಗದಿದ್ರೆ?"

"ಇಕ್ಕಟ್ಟಿನಲ್ಲೇ ಇರ್ಬೇಕು ಪುಟ್ಟಿ."

ಏನೂ ಹೇಳದೆ ಅದನ್ನು ಮೆಲ್ಲ ನೀರಿಗಿಟ್ಟಳು.

ಮುಂದಿನ ಸಲ ಅವಳ ಚೀಲದಲ್ಲಿ ಬಾಟಲಿಯೂ ಇತ್ತು. ಒಂದೊಂದೇ ಶಂಖವನ್ನು ಹೊಂಡಕ್ಕೆ ಇಳಿಸಿದಳು. ಕೊನೆಗೆ ಉಳಿದದ್ದು ಬಿಳಿಯದು. "ಅದು ಅಜ್ಜಿ ಹೆಕ್ಕಿ ಕೊಟ್ಟಿದ್ದಲ್ವಾ?" ಎಂದ ಅಣ್ಣ. ಅಜ್ಜಿ ಈಗಿಲ್ಲ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಳು. "ಇದು ದೊಡ್ಡ ಮನೆ" ಎಂದು ಅದನ್ನೂ ಬಿಟ್ಟಳು.

ಅಷ್ಟರಲ್ಲಿ ನೀರು ಏರತೊಡಗಿತು, ಹೊರಟೆವು. ಆ ಬಾಟಲಿಯಲ್ಲಿ ಈಗ ಜೀರಿಗೆ ಉಂಟು.