ಎತ್ತಿಗೆ ತಕ್ಕ ಬಂಡಿ, ಕಾರಿಗೆ ತಕ್ಕ ಕಿರುಮನೆ

ಉತ್ತರ ಅಮೆರಿಕದ ಹೆದ್ದಾರಿಗಳಲ್ಲಿ ಬೇಸಿಗೆಯ ದಿನಗಳಲ್ಲಿ ಸಂಚರಿಸುವವರಿಗೆ ಪದೇ ಪದೇ ಕಣ್ಣಿಗೆ ಬೀಳುವ ದೃಶ್ಯವೊಂದುಂಟು. ಕಾರುಗಳ, ವ್ಯಾನುಗಳ ಹಿಂದೆ ಕೊಂಡಿ ಹಾಕಿದ ಪುಟ್ಟ ಪುಟ್ಟ ಮನೆಗಳು ಗಾಲಿಗಳ ಮೇಲೆ ಉರುಳುತ್ತ ಸಾಗುತ್ತಿರುತ್ತವೆ. ‘ಟ್ರಾವೆಲ್ ಟ್ರೈಲರ್’ ಎಂಬುದು ಇವುಗಳ ಹೆಸರು. ಒಳಗೆ ಹಾಸಿಗೆ, ಗ್ಯಾಸಿನ ಒಲೆ, ನೀರಿನ ತೊಟ್ಟಿ, ಕೆಲವದರಲ್ಲಿ ಶೌಚಗೃಹ. ಎಂಜಿನ್ ಮಾತ್ರ ಇರುವುದಿಲ್ಲ. ಎಳೆಯುವ ವಾಹನವೇ ಇವುಗಳ ಎತ್ತು. ಜಾತ್ರೆಗೆಂದು ಕೊಲ್ಲಾರಿ ಬಂಡಿ ಕಟ್ಟಿಕೊಂಡು, ರೊಟ್ಟಿ-ಚಟ್ನಿಯ ಬುತ್ತಿಯೊಡನೆ ಹೊರಟು, ಮರದ ನೆರಳಿನಲ್ಲಿ ಬಂಡಿ ಬಿಟ್ಟು ಮೂರು ದಿನ ಅಲ್ಲಿಯೇ ಸಂಸಾರ ಹೂಡಿದ ಹಿರಿಯರಿಗೆ ಈ ಏರ್ಪಾಡು ತೀರ ಹೊಸದೆನಿಸದು.

ನಮ್ಮ ಅನೇಕ ಮನೆತನಗಳ ಮಕ್ಕಳು ಇಂದು ಆ ನಾಡಿನಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳನ್ನು ಐದಾರು ತಿಂಗಳಿಗೆ ಕರೆಸಿಕೊಂಡು ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ತೋರಿಸಬೇಕೆಂಬುದು ಅವರ ಹಂಬಲ. ಆದರೆ ಉದ್ಯಾನದೊಳಗಿನ ವಸತಿಗೃಹಗಳು ದುಬಾರಿ. ಸಕಾಲದಲ್ಲಿ ದೊರೆಯುವುದೂ ದುರ್ಲಭ. ಬಟ್ಟೆಯ ಡೇರೆಯಲ್ಲಿ ನೆಲದ ಮೇಲೆ ಮಲಗೋಣವೆಂದರೆ ಅರವತ್ತು ದಾಟಿದ ಮೊಣಕಾಲುಗಳು ಒಪ್ಪುವುದಿಲ್ಲ. 2024ರ ಬೇಸಿಗೆಯಲ್ಲಿ ಷಿಕಾಗೋ ಸಮೀಪದ ಮಗನ ಮನೆಯಲ್ಲಿದ್ದಾಗ ನನ್ನ ಮುಂದಿದ್ದ ಪ್ರಶ್ನೆಯೂ ಇದೇ. ಸೊಸೆ, ಮೊಮ್ಮಗ, ಮಗ ಯೆಲ್ಲೊಸ್ಟೋನ್ ನೋಡಲು ಸಿದ್ಧರಾಗಿದ್ದರು. ತಕ್ಕ ಟ್ರೈಲರ್ ದೊರೆತರೆ ನಾಲ್ವರೂ ಹೋಗುವುದು. ಇಲ್ಲವಾದರೆ ನಾನು ಮನೆ ಕಾಯುವುದು. ಆ ಹುಡುಕಾಟದಲ್ಲಿ ಕಲಿತದ್ದು ಇತರ ಕುಟುಂಬಗಳಿಗೂ ಉಪಯುಕ್ತವಾದೀತೆಂಬ ಆಶಯದಿಂದ ಈ ಬರಹ.

ಷಿಕಾಗೋದಿಂದ ಪೂರ್ವಕ್ಕೆ ಸುಮಾರು ಎರಡು ಗಂಟೆಯ ದಾರಿಯಲ್ಲಿ, ಇಂಡಿಯಾನಾ ರಾಜ್ಯದ ಉತ್ತರದಂಚಿನಲ್ಲಿ ಎಲ್ಕ್‌ಹಾರ್ಟ್ ಎಂಬ ಊರಿದೆ. ಒಂದು ಕಾಲಕ್ಕೆ ಊದುವ ವಾದ್ಯಗಳ ತಯಾರಿಕೆಗೆ ಹೆಸರಾಗಿದ್ದ ಈ ಊರು ಇಂದು ಟ್ರೈಲರುಗಳ ತವರು. ಸುತ್ತಲಿನ ಹಳ್ಳಿಗಳಲ್ಲಿ ಕುದುರೆಗಾಡಿಯನ್ನೇ ಇಂದಿಗೂ ಬಳಸುವ ಆಮಿಶ್ ಪಂಥದ ಜನ ವಾಸವಾಗಿದ್ದಾರೆ. ಅವರಲ್ಲಿ ಅನೇಕರು ಈ ಕಾರ್ಖಾನೆಗಳಲ್ಲಿ ಕುಶಲ ಕೆಲಸಗಾರರಾಗಿರುವುದು ಒಂದು ಸೋಜಿಗ. ಊರಿನಲ್ಲಿ ಈ ಉದ್ಯಮದ್ದೇ ಒಂದು ವಸ್ತುಸಂಗ್ರಹಾಲಯವಿದೆ. 1913ರಲ್ಲಿ ನಿರ್ಮಿತವಾದ ‘ಅರ್ಲ್’ ಎಂಬ ಟ್ರೈಲರನ್ನು ಅಲ್ಲಿ ಕಾಪಾಡಿಟ್ಟಿದ್ದಾರೆ. ಮರದ ಆ ಚಿಕ್ಕ ಪೆಟ್ಟಿಗೆಯ ಮುಂದೆ ನಿಂತಾಗ, ಸಾರೋಟು ಕಟ್ಟುವ ಬಡಗಿಯ ಕೈಚಳಕವೇ ಮೋಟಾರು ಯುಗಕ್ಕೆ ದಾಟಿ ಬಂದದ್ದು ಸ್ಪಷ್ಟವಾಗಿ ಕಾಣುತ್ತದೆ.

ಚಿಕ್ಕ ಟ್ರೈಲರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು ಕಣ್ಣೀರ ಹನಿಯ ಆಕಾರದ್ದು. ಇದರೊಳಗೆ ಇಬ್ಬರು ಮಲಗಬಹುದೇ ಹೊರತು ಎದ್ದು ನಿಲ್ಲಲಾಗದು. ಅಡುಗೆಯ ಕಟ್ಟೆ ಹಿಂಬದಿಯ ಮುಚ್ಚಳದ ಕೆಳಗೆ, ಬಯಲಿನಲ್ಲಿ. ಎರಡನೆಯದು ಮಡಚುವ ಟ್ರೈಲರ್. ಸಾಗುವಾಗ ತಗ್ಗಾದ ಪೆಟ್ಟಿಗೆ. ತಂಗಿದಲ್ಲಿ ಮೇಲೆತ್ತಿದರೆ ಕ್ಯಾನ್ವಾಸಿನ ಗೋಡೆಗಳು ಬಿಚ್ಚಿಕೊಂಡು ವಿಶಾಲ ಕೋಣೆಯಾಗುತ್ತದೆ. ಬೆಲೆ ಕಡಿಮೆ, ತೂಕವೂ ಕಡಿಮೆ. ಮೂರನೆಯದು ಫೈಬರ್‌ಗ್ಲಾಸಿನ ಎರಡು ಚಿಪ್ಪುಗಳನ್ನು ಕೂಡಿಸಿ ಮಾಡಿದ ಮೊಟ್ಟೆಯಾಕಾರದ ಗಟ್ಟಿ ಮನೆ. 1968ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ‘ಬೋಲರ್’ ಎಂಬ ಹೆಸರಿನಿಂದ ಆರಂಭವಾದ ಈ ಮಾದರಿಯನ್ನು ಮಿನೆಸೋಟಾ ರಾಜ್ಯದ ‘ಸ್ಕ್ಯಾಂಪ್’ 1970ರ ದಶಕದಿಂದ ಮುಂದುವರಿಸಿದೆ. ನಾಲ್ಕನೆಯದು ಮರದ ಅಥವಾ ಅಲ್ಯೂಮಿನಿಯಮ್ಮಿನ ಚೌಕಟ್ಟಿಗೆ ಹಲಗೆ ಹೊದಿಸಿದ ಸಾಮಾನ್ಯ ಚೌಕ ಟ್ರೈಲರ್. ಒಳಗೆ ಜಾಗ ಹೆಚ್ಚು, ತೂಕವೂ ಹೆಚ್ಚು.

ಮಾರಾಟದ ಅಂಗಳಕ್ಕೆ ಕಾಲಿಟ್ಟೊಡನೆ ಮನಸ್ಸು ಒಳಾಂಗಣದ ಅಂದಕ್ಕೆ ಮರುಳಾಗುವುದು ಸಹಜ. ವಿವೇಕಿಗಳು ಮೊದಲು ನೋಡಬೇಕಾದುದು ಮನೆಯಲ್ಲಿರುವ ಕಾರನ್ನು. ಪ್ರತಿ ವಾಹನಕ್ಕೂ ಅದರ ತಯಾರಕರು ಎಳೆಯುವ ಮಿತಿಯನ್ನು ನಿಗದಿಪಡಿಸಿರುತ್ತಾರೆ. ಅಲ್ಲಿನ ಹಲವು ಚಿಕ್ಕ ಎಸ್‌ಯುವಿಗಳಿಗೆ ಇದು 1,500 ಪೌಂಡು, ಅಂದರೆ 680 ಕಿಲೋ ಮಾತ್ರ. ನಮ್ಮವರು ಹೆಚ್ಚಾಗಿ ಇಟ್ಟುಕೊಳ್ಳುವ ಮಿನಿವ್ಯಾನುಗಳಲ್ಲಿ ಹಲವಕ್ಕೆ 3,500 ಪೌಂಡು, ಅಂದರೆ ಸುಮಾರು 1,590 ಕಿಲೋ. ಮಗನದೂ ಅಂತಹದೇ ವ್ಯಾನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಟ್ರೈಲರಿನ ಖಾಲಿ ತೂಕ. ಖಾಲಿ ಟ್ರೈಲರನ್ನು ಎಳೆದುಕೊಂಡು ಯಾರೂ ಪ್ರವಾಸ ಹೋಗುವುದಿಲ್ಲ. 2,400 ಪೌಂಡಿನ ಟ್ರೈಲರೊಂದಿದೆ ಎನ್ನೋಣ. ತೊಟ್ಟಿಯಲ್ಲಿ 20 ಗ್ಯಾಲನ್ ನೀರು ತುಂಬಿದರೆ 167 ಪೌಂಡು; ಗ್ಯಾಸ್ ಸಿಲಿಂಡರು, ಬ್ಯಾಟರಿ ಸೇರಿ ಹೆಚ್ಚುಕಡಿಮೆ 90; ಪಾತ್ರೆ, ಹಾಸಿಗೆ, ಹಿಟ್ಟು, ಬೇಳೆ, ಬಟ್ಟೆಬರೆ, ಕುರ್ಚಿಗಳೆಂದು 400. ಒಟ್ಟು 3,050 ದಾಟಿತು. ವ್ಯಾನಿನೊಳಗೆ ಕುಳಿತವರ ಹಾಗೂ ಅವರ ಸಾಮಾನಿನ ಭಾರ ಬೇರೆ. ಎಷ್ಟೋ ವಾಹನಗಳಲ್ಲಿ ಜನ ಹೆಚ್ಚಿದಷ್ಟೂ ಎಳೆಯುವ ಮಿತಿ ತಗ್ಗುತ್ತದೆ. ಆದ್ದರಿಂದ ಟ್ರೈಲರಿನ ಹೊರಗೋಡೆಯ ಚೀಟಿಯಲ್ಲಿ ನಮೂದಾದ ‘ಗರಿಷ್ಠ ಒಟ್ಟು ತೂಕ’ವನ್ನೇ ಲೆಕ್ಕಕ್ಕೆ ಹಿಡಿದು, ಕಾರಿನ ಮಿತಿಗಿಂತ ಸ್ವಲ್ಪ ಕೆಳಗೇ ನಿಲ್ಲುವುದು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಎರಡನೆಯ ಸೂಕ್ಷ್ಮ ಭಾರದ ಹಂಚಿಕೆಯದು. ಬಂಡಿ ಹೇರುವಾಗ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಬಾತುಹೋಗುತ್ತದೆ. ಒಕ್ಕಲುತನದ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟ್ರೈಲರಿನದೂ ಇದೇ ನ್ಯಾಯ. ಅದರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರು ಬಾಲದಂತೆ ಅತ್ತಿತ್ತ ತೊನೆದು ಕಾರನ್ನೇ ಉರುಳಿಸಬಲ್ಲದು. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಗಾಲಿಗಳ ಹಿಡಿತ ಸಡಿಲಗೊಳ್ಳುತ್ತದೆ. 3,050 ಪೌಂಡಿಗೆ ಈ ಲೆಕ್ಕದಲ್ಲಿ ಕನಿಷ್ಠ 305 ಪೌಂಡು ಬೇಕು. ವ್ಯಾನಿನ ಕೊಂಡಿಯ ಮಿತಿಯೋ 350. ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ಓದುಗರೇ ನೋಡಬಹುದು. ಮಗ ಇದನ್ನು ಪುಸ್ತಕದಿಂದ ಓದಿ ವಿವರಿಸಿದಾಗ, “ಇದು ನಮ್ಮ ಬಂಡಿಯ ಹಿಂಭಾರ, ಮುಂಭಾರವಲ್ಲವೇನಪ್ಪಾ!” ಎಂದೆ. “ಹೌದು ಅಪ್ಪಾಜಿ, ಭಾರ ಹೇರುವ ಕೆಲಸ ಇನ್ನು ನಿಮ್ಮದೇ” ಎಂದು ನಕ್ಕ. ಅಕ್ಕಿ, ಹಿಟ್ಟಿನ ಡಬ್ಬಿಗಳನ್ನು ಅಚ್ಚಿನ ಸ್ವಲ್ಪ ಮುಂದೆ, ಕೆಳಗೆ ಇರಿಸಿ, ಹಗುರವಾದ ಹೊದಿಕೆಗಳನ್ನು ಹಿಂದೆ ಇಟ್ಟೆವು. ಹೊರಡುವ ಮುನ್ನ ಲಾರಿಗಳ ವೇ ಬ್ರಿಜ್ಜಿನಲ್ಲಿ ತೂಗಿಸುವುದು ಅಲ್ಲಿ ಸುಲಭ, ಅದನ್ನು ತಪ್ಪಿಸಬಾರದು. ಟ್ರೈಲರಿಗೆ ಸ್ವಂತ ವಿದ್ಯುತ್ ಬ್ರೇಕ್ ಇರುವುದೂ ಅತ್ಯವಶ್ಯ.

ಆಯ್ಕೆಯ ನಿಜವಾದ ಪರೀಕ್ಷೆ ನಡೆಯುವುದು ಘಟ್ಟದಲ್ಲಿ. ಷಿಕಾಗೋದಿಂದ ಯೆಲ್ಲೊಸ್ಟೋನಿಗೆ ಸುಮಾರು 1,400 ಮೈಲಿ. ಸೌತ್ ಡಕೋಟಾದ ಹುಲ್ಲುಗಾವಲುಗಳನ್ನು ದಾಟುವವರೆಗೆ ದಾರಿ ಅಂಗೈಯಷ್ಟು ಸಮತಟ್ಟು. ವಯೋಮಿಂಗ್ ರಾಜ್ಯದಲ್ಲಿ ಬಿಗ್‌ಹಾರ್ನ್ ಪರ್ವತಗಳು ಗೋಡೆಯಂತೆ ಎದುರಾಗುತ್ತವೆ. ಅವನ್ನು ದಾಟಲು ಮೂರು ಹೆದ್ದಾರಿಗಳಿವೆ. 14ಎ ಎಂಬುದು ಶೇಕಡಾ 10ರಷ್ಟು ಕಡಿದಾದ ಇಳಿಜಾರಿನದು; ಟ್ರೈಲರ್ ಎಳೆಯುವವರು ಅದನ್ನು ದೂರವಿಡುವುದೇ ಕ್ಷೇಮ. ನಾವು ಹಿಡಿದದ್ದು ಬಫಲೋ ಪಟ್ಟಣದಿಂದ ಟೆನ್ ಸ್ಲೀಪ್ ಕಡೆಗೆ ಹೋಗುವ 16ನೆಯ ಹೆದ್ದಾರಿಯನ್ನು. ಏರು ಸೌಮ್ಯವಾದರೂ ಪೌಡರ್ ರಿವರ್ ಕಣಿವೆದಾರಿಯ ನೆತ್ತಿ 9,666 ಅಡಿ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ನೆತ್ತಿ ತಲುಪುವಾಗ ಕಾಲು ಭಾಗಕ್ಕೂ ಮಿಕ್ಕಿ ಬಲ ಉಡುಗಿರುತ್ತದೆ. ಇಳಿಯುವಾಗ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗದೆ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಸೋಲುತ್ತದೆ. ಅಂಗಳದಲ್ಲಿ ‘ಇನ್ನೂ ನಾಲ್ಕು ಅಡಿ ಉದ್ದದ್ದನ್ನೇ ಕೊಳ್ಳಿ’ ಎಂದು ಸಲಹೆಯಿತ್ತವರು ಈ ಇಳಿಜಾರಿನಲ್ಲಿ ನಮ್ಮ ಜೊತೆಗಿರುವುದಿಲ್ಲ.

ಹೋಗುವ ಸ್ಥಳದ ನಿಯಮಗಳನ್ನೂ ಮೊದಲೇ ತಿಳಿಯಬೇಕು. ಯೆಲ್ಲೊಸ್ಟೋನ್ 1872ರಲ್ಲಿ ಸ್ಥಾಪಿತವಾದ, ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ನೀರು, ವಿದ್ಯುತ್ತು, ಮಲಿನ ನೀರಿನ ಕೊಳವೆ ಮೂರೂ ಇರುವ ತಂಗುದಾಣ ಅದರೊಳಗೆ ಒಂದೇ. ಸರೋವರದಿಂದ ನದಿ ಹೊರಹೊಮ್ಮುವೆಡೆಯ ಫಿಷಿಂಗ್ ಬ್ರಿಜ್. ಗ್ರಿಜ್ಲಿ ಕರಡಿಗಳು ಸುಳಿಯುವ ಪ್ರದೇಶವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಡೇರೆಯಾಗಲಿ, ಕ್ಯಾನ್ವಾಸಿನ ಮಡಚುವ ಟ್ರೈಲರಾಗಲಿ ಸಲ್ಲದು. ನಮ್ಮ ಆಯ್ಕೆಯನ್ನು ನಿರ್ಧರಿಸಿದ್ದು ಈ ಒಂದು ನಿಯಮವೇ. ಸೊಸೆಗೆ ಮೆಚ್ಚಿಕೆಯಾಗಿದ್ದ, ಅಗ್ಗದ, ಅಗಲವಾದ ಮಡಚುವ ಟ್ರೈಲರನ್ನು ಬದಿಗಿರಿಸಿ, 16 ಅಡಿಯ ಫೈಬರ್‌ಗ್ಲಾಸಿನದನ್ನು ಆರಿಸಿಕೊಂಡೆವು. ಸುಮಾರು 7,700 ಅಡಿ ಎತ್ತರದ ಆ ಸರೋವರದ ದಡದಲ್ಲಿ ಬೇಸಿಗೆಯ ರಾತ್ರಿಯೂ ಮೈ ನಡುಗಿಸುವಷ್ಟು ಚಳಿ. ಬಾಗಿಲಿಗೆ ಅಗುಳಿ ಹಾಕಿ ಬೆಚ್ಚಗೆ ಮಲಗಿದಾಗ ಆ ಗೋಡೆಗಳ ಬೆಲೆ ತಿಳಿಯಿತು. ಅಡುಗೆಯ ಪದಾರ್ಥಗಳನ್ನಾಗಲಿ, ಎಂಜಲು ಪಾತ್ರೆಯನ್ನಾಗಲಿ ಹೊರಗೆ ಬಿಡುವಂತಿಲ್ಲ. ವಾಸನೆ ಕರಡಿಯನ್ನು ಕರೆತರುತ್ತದೆ.

ಒಳಾಂಗಣದ ವಿಚಾರ ಬರುವುದು ಇವೆಲ್ಲದರ ನಂತರ. ಅಲ್ಲಿ ಮನೆಯ ಅತ್ಯಂತ ಅಶಕ್ತರ ಕಣ್ಣಿನಿಂದ ನೋಡಬೇಕು. ಬಾಗಿಲ ಮೆಟ್ಟಿಲು ಎಷ್ಟು ಎತ್ತರ? ಹಿಡಿದುಕೊಳ್ಳಲು ಆಸರೆಯ ಕಂಬಿ ಇದೆಯೇ? ರಾತ್ರಿ ಏಳುವವರು ಮತ್ತೊಬ್ಬರನ್ನು ದಾಟದೆ ಇಳಿಯಬಹುದೇ? ಶೌಚಗೃಹದಲ್ಲಿ ಮೊಣಕಾಲು ಬಾಗಿಸಲು ಎಡೆಯುಂಟೇ? ಕೊಳ್ಳುವ ಮುನ್ನ ಎಲ್ಲರೂ ಒಳಹೊಕ್ಕು, ತಮ್ಮ ತಮ್ಮ ಜಾಗದಲ್ಲಿ ಹತ್ತು ನಿಮಿಷ ಮಲಗಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಸಸ್ಯಾಹಾರಿಗಳಾದ ನಮಗೆ ಅಡುಗೆಯ ಕಟ್ಟೆಯೂ ಮುಖ್ಯ. ಒಗ್ಗರಣೆಯ ಹೊಗೆ ಹೋಗಲು ಛಾವಣಿಯ ಪಂಖ, ಎದುರು ಕಿಟಕಿ, ಗ್ಯಾಸ್ ಸೋರಿಕೆಯನ್ನೂ ವಿಷಗಾಳಿಯನ್ನೂ ಸೂಚಿಸುವ ಎಚ್ಚರಿಕೆಯ ಗಂಟೆ, ಇಷ್ಟು ಇರಲೇಬೇಕು. ಒಲೆಯನ್ನು ಚಳಿ ಕಾಯಿಸಲು ಎಂದಿಗೂ ಬಳಸಬಾರದು.

ಹಳೆಯದನ್ನು ಕೊಳ್ಳುವವರಿಗೆ ಇನ್ನೊಂದು ಮಾತು. ಟ್ರೈಲರಿನ ಪರಮ ಶತ್ರು ನೀರು. ಛಾವಣಿಯ, ಕಿಟಕಿಯ ಸಂದಿಗಳಿಂದ ಇಳಿದ ಮಳೆನೀರು ಮರದ ಚೌಕಟ್ಟನ್ನು ಒಳಗೊಳಗೇ ಕೊಳೆಯಿಸುತ್ತದೆ. ಒಂದೆಡೆ ನಮಗೆ ಹೊಸ ಬಣ್ಣ ಬಳಿದ ಸುಂದರ ಟ್ರೈಲರೊಂದನ್ನು ತೋರಿಸಿದರು. ಮೂಲೆಯಲ್ಲಿ ಕಾಲಿಟ್ಟರೆ ನೆಲ ಹಸಿ ಮಣ್ಣಿನಂತೆ ತಗ್ಗಿತು. ಬೂಷ್ಟಿನ ವಾಸನೆ, ಉಬ್ಬಿದ ಗೋಡೆ, ಮೆದುವಾದ ನೆಲ, ಈ ಮೂರರಲ್ಲಿ ಒಂದು ಕಂಡರೂ ಕೈಮುಗಿದು ಹೊರಬರಬೇಕು. ಎರಡೇ ಚಿಪ್ಪುಗಳ ಫೈಬರ್‌ಗ್ಲಾಸಿನಲ್ಲಿ ಸಂದಿಗಳು ಕಡಿಮೆಯಾದ್ದರಿಂದ ಈ ಭಯವೂ ಕಡಿಮೆ. ಹಳೆಯದಕ್ಕೂ ಬೆಲೆ ಅಷ್ಟಾಗಿ ಇಳಿಯದಿರಲು ಇದೂ ಒಂದು ಕಾರಣ. ಟೈರುಗಳ ಹೂವು ಮಾಸದಿದ್ದರೂ ವಯಸ್ಸಾಗಿದ್ದರೆ ಬದಲಾಯಿಸಬೇಕು. ತಯಾರಾದ ವಾರ ಮತ್ತು ವರ್ಷವನ್ನು ಟೈರಿನ ಬದಿಯಲ್ಲಿ ಅಚ್ಚೊತ್ತಿರುತ್ತಾರೆ.

ಯೆಲ್ಲೊಸ್ಟೋನಿನಿಂದ ಉತ್ತರಕ್ಕೆ ಮೊಂಟಾನಾ ರಾಜ್ಯದ ಗ್ಲೇಷಿಯರ್ ಉದ್ಯಾನವನ್ನೂ ನೋಡಿದೆವು. ‘ಸೂರ್ಯನೆಡೆಗೆ ಸಾಗುವ ದಾರಿ’ ಎಂಬರ್ಥದ ಹೆಸರಿನ ಅಲ್ಲಿನ ರಸ್ತೆ 1933ರಲ್ಲಿ ಉದ್ಘಾಟನೆಗೊಂಡಿತು. ಬಂಡೆಯ ಮೈ ಕೊರೆದು ಮಾಡಿದ ಆ ದಾರಿ 6,646 ಅಡಿ ಎತ್ತರದ ಲೋಗನ್ ಕಣಿವೆದಾರಿಯನ್ನು ಏರಿ ಇಳಿಯುತ್ತದೆ. ಅದರ ನಡುವಣ ಭಾಗದಲ್ಲಿ 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ವಾಹನಗಳಿಗೆ ಅವಕಾಶವಿಲ್ಲ. ಈ ಉದ್ದ ಕಾರು, ಟ್ರೈಲರು ಎರಡೂ ಸೇರಿದ್ದು. ಎಂದರೆ ಎಷ್ಟೇ ಚಿಕ್ಕ ಟ್ರೈಲರಾದರೂ ಕೆಳಗಿನ ತಂಗುದಾಣದಲ್ಲಿ ಕೊಂಡಿ ಕಳಚಿಡಬೇಕು. ಎತ್ತು ಬಿಚ್ಚಿದ ಬಂಡಿಯಂತೆ ಮನೆ ಮರದಡಿ ನಿಂತಿತು. ನಾವು ವ್ಯಾನಿನಲ್ಲಿ ಹಗುರವಾಗಿ ಬೆಟ್ಟವೇರಿ ಹಿಮದ ಹೊಳಪನ್ನು ಕಂಡು, ಸಂಜೆಗೆ ಮರಳಿ ಬಿಸಿ ಅನ್ನ-ಸಾರು ಉಂಡೆವು. ಮನೆ ಮತ್ತು ಎಂಜಿನ್ನು ಬೇರೆ ಬೇರೆಯಾಗಿರುವುದರ ಅನುಕೂಲ ಇದು.

ಆದ್ದರಿಂದ ಮಕ್ಕಳೊಡನೆ ಇಂತಹ ಪ್ರವಾಸಕ್ಕೆ ಯೋಚಿಸುತ್ತಿರುವ ಕುಟುಂಬಗಳು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಲಿ: ಎಳೆಯುವುದು ಯಾವುದು? ಹೋಗುವುದು ಎಲ್ಲಿಗೆ? ಮಲಗುವವರು ಯಾರು? ಸಾಧ್ಯವಾದರೆ ಕೊಳ್ಳುವ ಮೊದಲು ಅದೇ ಬಗೆಯದನ್ನು ಎರಡು ದಿನ ಬಾಡಿಗೆಗೆ ಪಡೆದು ಮನೆಯ ಸಮೀಪವೇ ತಂಗಿ ನೋಡಲಿ. ವರ್ಷಕ್ಕೊಮ್ಮೆ ಮಾತ್ರ ಹೋಗುವವರಿಗೆ ಬಾಡಿಗೆಯೇ ಮಿತವ್ಯಯ. ಉದ್ಯಾನಗಳ ತಂಗುದಾಣಗಳಲ್ಲಿ ಎಷ್ಟೋ ಕಡೆ ತಿಂಗಳುಗಟ್ಟಲೆ ಮುಂಚೆಯೇ ಸ್ಥಳ ಕಾಯ್ದಿರಿಸಬೇಕಾಗುವುದರಿಂದ, ಊರಿನಿಂದ ತಂದೆತಾಯಿಗಳು ಹೊರಡುವ ಮುನ್ನವೇ ಈ ಮಾತುಕತೆ ಆರಂಭವಾಗಲಿ; ಹಿರಿಯರೂ ತಮ್ಮ ದೇಹದ ಅಗತ್ಯಗಳನ್ನು ಮುಚ್ಚಿಡದೆ ಹೇಳಲಿ. ಮಕ್ಕಳಿಗೆ ಭಾರವಾಗಬಾರದೆಂದು ಮೌನವಾಗಿರುವುದಕ್ಕಿಂತ, ಆ ಭಾರವನ್ನು ಎಲ್ಲಿ ಇರಿಸಿದರೆ ಬಂಡಿ ಸಮವಾಗಿ ಸಾಗುವುದೆಂದು ಕೂಡಿ ಕುಳಿತು ಯೋಚಿಸುವುದು ಮೇಲು.