ಅಜ್ಜಿಯ ಮಾತ್ರೆ ಡಬ್ಬಿ

ಆಗಸ್ಟ್ 5, 2025, ಮಂಗಳವಾರ, ಮೈಸೂರು

ಬರುವ ಸೋಮವಾರದಿಂದ ಕ್ಲರ್ಕ್‌ಶಿಪ್. ಡಾಕ್ಟರ ಹಿಂದೆ ರೌಂಡ್ಸ್ ಹೋಗಬೇಕು, ಕೇಸ್‌ಶೀಟ್ ಓದಬೇಕು, ರೋಗಿ ಹತ್ತಿರ ಕೂತು ಯಾವ್ಯಾವ ಔಷಧಿ ನುಂಗುತ್ತಿದ್ದಾರೆ ಅಂತ ಕೇಳಿ ಬರೆದುಕೊಳ್ಳಬೇಕು. ನಾನು ಓದುತ್ತಿರುವ ಫಾರ್ಮ್ ಡಿ ಕೋರ್ಸ್ ನಮ್ಮ ದೇಶದಲ್ಲಿ 2008ರಿಂದ ಇದೆ. ಆದರೂ ಊರಲ್ಲಿ ಸಿಕ್ಕವರೆಲ್ಲ ಕೇಳೋದು ಒಂದೇ: ‘ಆರು ವರ್ಷ ಓದಿ ಮೆಡಿಕಲ್ ಸ್ಟೋರ್ ಇಡ್ತೀಯಾ?’ ಇಟ್ಟರೆ ಏನು ತಪ್ಪು ಅಂತ ನಾನೂ ಕೇಳುವುದಿಲ್ಲ.

ಇವತ್ತು ಕ್ಲಾಸಿನಲ್ಲಿ ಅಭ್ಯಾಸ. ನನ್ನ ರೂಂಮೇಟ್ ರೋಗಿ, ನಾನು ಪ್ರಶ್ನೆ ಕೇಳುವವಳು. ಅವಳು ಬೆನ್ನು ಬಗ್ಗಿಸಿ ಕೆಮ್ಮುತ್ತಾ ಬಂದು ಕೂತವಳೇ, ‘ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ದಿನಕ್ಕೆರಡು ಸಲ, ಊಟದ ಜೊತೆ’ ಅಂದಳು. ಮೇಡಂ ನಕ್ಕರು. ‘ಇಂಥ ರೋಗಿ ಸಿಕ್ಕರೆ ನನಗೂ ತೋರಿಸಿ. “ಬಿಳೀ ಮಾತ್ರೆ, ಅರ್ಧ” ಅಂತಾರೆ, ಅಷ್ಟೇ. ಅಲ್ಲಿಂದ ನಿಮ್ಮ ಕೆಲಸ ಶುರು.’

ಆಗಸ್ಟ್ 6, ಬುಧವಾರ

ಬೆಳಿಗ್ಗೆ ಇನ್ಸುಲಿನ್. ವಯಲ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇದ್ದರೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಡೋಸು ಎರಡೂವರೆ ಪಟ್ಟು ಏರುತ್ತದೆ, ಇಲ್ಲವೇ ಅಷ್ಟೇ ಇಳಿಯುತ್ತದೆ. ಇದನ್ನು ವಾರ್ಡಿನಲ್ಲಿ ಮುಚ್ಚಳ ಕೈಗೆ ಕೊಟ್ಟೇ ಹೇಳಬೇಕು, ಬಾಯಿಮಾತು ಸಾಲದು.

ಮಧ್ಯಾಹ್ನ ಕಾಕ್‌ಕ್ರಾಫ್ಟ್–ಗಾಲ್ಟ್ ಲೆಕ್ಕ, ಮತ್ತೆ. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸು; ಕ್ರಿಯಾಟಿನಿನ್ ಅನ್ನು 72ರಿಂದ ಗುಣಿಸಿ, ಬಂದದ್ದರಿಂದ ಭಾಗಿಸು; ಹೆಂಗಸಾದರೆ ಉತ್ತರಕ್ಕೆ 0.85ರ ಗುಣಾಕಾರ. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಸೋಸುತ್ತದೆ ಎಂಬ ಅಂದಾಜು ಇದು. 1976ರ ಸೂತ್ರ. ಕಾಕ್‌ಕ್ರಾಫ್ಟ್, ಗಾಲ್ಟ್ ಪರೀಕ್ಷಿಸಿದವರಲ್ಲಿ ಬಹುತೇಕರು ಗಂಡಸರೇ, ಹೆಂಗಸರ ಪಾಲಿಗೆ ಆ 0.85.

ಆಗಸ್ಟ್ 8, ಶುಕ್ರವಾರ, ಗುಂಡ್ಲುಪೇಟೆ

ವರಮಹಾಲಕ್ಷ್ಮಿ. ಹೂವಿನ ರೇಟು ಕೇಳಿ ಅಮ್ಮ ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಒಬ್ಬಟ್ಟು ತಿಂದು ಮಲಗಿದೆ. ಪುಸ್ತಕ ಮುಟ್ಟಲಿಲ್ಲ.

ಆಗಸ್ಟ್ 9, ಶನಿವಾರ

ಅಭ್ಯಾಸಕ್ಕೆ ಅಜ್ಜಿಯನ್ನೇ ಕೂರಿಸಿಕೊಂಡೆ.

‘ಅಜ್ಜಿ, ಏನೇನು ಮಾತ್ರೆ ತಗೋತೀಯಾ?’

‘ಬಿಪೀದು ಒಂದೇ ಕಣವ್ವ.’

‘ಬೇರೆ ಏನೂ ಇಲ್ವಾ?’

‘ಏನೂ ಇಲ್ಲ.’

ಡಬ್ಬಿ ತರಿಸಿದೆ. ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್, ಅದರೊಳಗೇ ಹೈಡ್ರೋಕ್ಲೋರೋಥಯಾಜೈಡ್ ಕೂಡ ಸೇರಿದೆ, ಅಂದರೆ ನೀರು ಮಾತ್ರೆ. ಅದರ ಕೆಳಗೆ, ಬಸ್ ಟಿಕೆಟ್ಟು, ಕುಂಕುಮದ ಪೊಟ್ಟಣಗಳ ನಡುವೆ ಡೈಕ್ಲೋಫಿನಾಕ್ ಪಟ್ಟಿಗಳು, ಅರ್ಧಂಬರ್ಧ ಖಾಲಿಯಾದವು.

‘ಇದೇನಜ್ಜಿ?’

‘ಅದು ಮಂಡಿ ನೋವಿಂದು. ಮಾತ್ರೆ ಅಲ್ಲ ಅದು, ಅಂಗಡೀದು.’

ಡಾಕ್ಟರು ಬರೆದುಕೊಟ್ಟರೆ ಮಾತ್ರೆ, ಅಂಗಡಿಯಲ್ಲಿ ಕೇಳಿ ತಂದರೆ ಅಲ್ಲ. ದಿನಾ ಎರಡು ನುಂಗುತ್ತಾಳಂತೆ, ತಿಂಗಳುಗಳಿಂದ. ಡೈಕ್ಲೋಫಿನಾಕ್ ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಕೊಡಬಾರದು ಅಂತ ಪಟ್ಟಿಯ ಮೇಲೇ ಅಚ್ಚಾಗಿದೆ. ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ. ಮೆಡಿಕಲ್ ಸ್ಟೋರ್ ಇಡ್ತೀಯಾ ಅಂತ ಹಾಸ್ಯ ಮಾಡುವವರ ಮೇಲೆ ಸಿಟ್ಟು ಬಂತು. ಆ ಕೌಂಟರಿನ ಹಿಂದೆ ಓದಿಕೊಂಡವರೊಬ್ಬರು ನಿಂತು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಈ ಮೂರೂ ಒಂದೇ ಹೊಟ್ಟೆ ಸೇರುವುದಕ್ಕೆ ಕ್ಲಾಸಿನಲ್ಲಿ ಟ್ರಿಪಲ್ ವ್ಯಾಮಿ ಅನ್ನುತ್ತೇವೆ. ನೀರು ಮಾತ್ರೆ ಮೈಯ ನೀರು ಇಳಿಸುತ್ತದೆ. ನೋವಿನ ಮಾತ್ರೆ ಮೂತ್ರಪಿಂಡದ ಜರಡಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಅಲ್ಲಿಂದ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಸಾಲದ್ದಕ್ಕೆ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ. ‘ಮಾತ್ರೆ ನುಂಗಿದ್ರೂ ಬಿಪಿ ಇಳೀವಲ್ದು’ ಅಂತ ಅಜ್ಜಿ ದೂರುತ್ತಿದ್ದಳು.

ಚಿಕ್ಕಪ್ಪನಿಗೆ ಹೇಳಿ ಲ್ಯಾಬಿನಲ್ಲಿ ರಕ್ತ ಕೊಡಿಸಿದೆ. ಅಜ್ಜಿಗೆ ಇನ್ನೂ ಮುನಿಸು, ಡಬ್ಬಿ ತೆಗೆದು ನೋಡಿದ್ದಕ್ಕೆ.

ನೋಟ್‌ಬುಕ್ಕಿನಲ್ಲಿ ಪ್ರಶ್ನೆ ತಿದ್ದಿ ಬರೆದೆ. ‘ಏನೇನು ಮಾತ್ರೆ ತಗೋತೀರಾ’ ಅನ್ನಬಾರದು. ‘ಮಂಡಿ ನೋವಿಗೆ ಏನು ಮಾಡ್ತೀರಾ? ನಿದ್ದೆ ಬರದಿದ್ರೆ? ಗ್ಯಾಸ್ ಆದ್ರೆ? ಅಂಗಡೀಲಿ ಏನು ತಗೋತೀರಾ? ನಾಟಿ ಔಷಧಿ?’ ಹೀಗೆ ಒಂದೊಂದೇ ನೋವು ಹಿಡಿದು ಕೇಳಬೇಕು.

ಆಗಸ್ಟ್ 10, ಭಾನುವಾರ, ಮೈಸೂರು

ಸಂಜೆ ಚಿಕ್ಕಪ್ಪ ರಿಪೋರ್ಟ್ ವಾಟ್ಸಾಪ್ ಮಾಡಿದ. ಕ್ರಿಯಾಟಿನಿನ್ 1.1. ‘ನಾರ್ಮಲ್ ಅಂತೆ’ ಅಂತ ಕೆಳಗೆ ಒಕ್ಕಣೆ. ಕಾಗದದ ಮೇಲೆ ನಾರ್ಮಲ್ಲೇ. ಆದರೆ ಅಜ್ಜಿಗೆ 72, ತೂಕ 50 ಕಿಲೋ. ಸಣಕಲು ಮೈಯಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. ಅಂಕಿ ಸಾಧುವಾಗಿ ಕಾಣುತ್ತದೆ. ಬುಧವಾರದ ಸೂತ್ರ ಹಿಡಿದು ಲೆಕ್ಕ ಹಾಕಿದೆ: ನಿಮಿಷಕ್ಕೆ 36 ಎಂಎಲ್. ಇನ್ನೊಮ್ಮೆ ಹಾಕಿದರೂ ಅಷ್ಟೇ.

ಫೋನ್ ಮಾಡಿದೆ. ನೋವಿನ ಮಾತ್ರೆ ಇವತ್ತಿಂದಲೇ ಬೇಡ, ಬಿಪಿ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ನಾಳೆ ಡಬ್ಬಿ ಸಮೇತ ಅಜ್ಜೀನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂದೆ.

‘ನೀನೇನು ಡಾಕ್ಟರಾ?’ ಅಂದ ಚಿಕ್ಕಪ್ಪ.

‘ಅಲ್ಲ ಚಿಕ್ಕಪ್ಪ. ಅದಕ್ಕೇ ಡಾಕ್ಟರ ಹತ್ರ ಹೋಗಿ ಅಂತಿರೋದು.’