ನಾಲ್ಕು ಗಂಟೆಯ ದಾರಿ

ಬಜಪೆಯಿಂದ ದುಬಾಯಿಗೆ ಆಕಾಶದಲ್ಲಿ ನೇರವಾಗಿ ಗೆರೆ ಎಳೆದರೆ ಸುಮಾರು 2,450 ಕಿಲೋಮೀಟರು. ವಿಮಾನಕ್ಕೆ ಅದು ಹೆಚ್ಚುಕಡಿಮೆ ನಾಲ್ಕು ಗಂಟೆಯ ದಾರಿ. ಈ ಲೆಕ್ಕ ನಮ್ಮ ಮನೆಯವರಿಗೆಲ್ಲ ಬಾಯಿಪಾಠ. ನನ್ನ ಅಣ್ಣ ದುಡಿಯಲೆಂದು ಅಲ್ಲಿಗೆ ಹೋಗಿ ಆರು ವರ್ಷಗಳಾದವು. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಅವನ ದುಡಿಮೆಯಿಂದ ನಮ್ಮ ಮನೆತನದಲ್ಲಿ ಮೊತ್ತಮೊದಲಿಗೆ ಒಬ್ಬನು ಬಿ.ಎ. ತರಗತಿಯ ಮೆಟ್ಟಿಲು ಹತ್ತಿದ್ದಾನೆ. ಆ ಒಬ್ಬನೇ ಈ ಲೇಖನದ ಬಡಪಾಯಿ ಕರ್ತೃ.

ನಾಲ್ಕು ಗಂಟೆ ಎಂದೆನಷ್ಟೆ? ವಾಚಕರು ಅದನ್ನು ಪೂರ್ತಿಯಾಗಿ ನಂಬಲಾಗದು. ಕಡಬದ ಬಳಿಯ ನಮ್ಮ ಮನೆಯಿಂದ ಉಪ್ಪಿನಂಗಡಿ, ಮಾಣಿ, ಬಿ.ಸಿ. ರೋಡು ದಾಟಿ ಬಜಪೆ ಸೇರಲು ಜೀಪಿಗೆ ಎರಡೂವರೆ ಗಂಟೆ ಬೇಕು. ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಆದರೂ ಹಿರಿಯರು ನಮ್ಮನ್ನು ಭಾಗ್ಯವಂತರೆನ್ನುತ್ತಾರೆ. 1951ರ ಡಿಸೆಂಬರ್ 25ರಂದು ಪಂಡಿತ ನೆಹರೂ ಅವರ ವಿಮಾನ ಬಂದಿಳಿದು ಬಜಪೆಯ ನಿಲ್ದಾಣ ತೆರೆಯಿತಾದರೂ, ದುಬಾಯಿಗೆ ನೇರ ವಿಮಾನ ದೊರೆತದ್ದು 2006ರಲ್ಲಿ. ಅದಕ್ಕೂ ಮೊದಲು ಊರಿನ ಎಷ್ಟೋ ಮಂದಿ ಬಸ್ಸಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿ ವಿಮಾನ ಹತ್ತುತ್ತಿದ್ದರಂತೆ.

ಗಡಿಯಾರದ ಚೇಷ್ಟೆ ಬೇರೆಯೇ ಒಂದು. ಇಲ್ಲಿಂದ ಬೆಳಗ್ಗೆ 8ಕ್ಕೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ ಹತ್ತೂವರೆಗೆ ಇಳಿಯಬಹುದು. ಅಲ್ಲಿಂದ 8ಕ್ಕೆ ಹೊರಟರೆ ಇಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಒಂದು!

"ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದು ಗಂಟೆಯಾ? ಇದೆಂತ ಲೆಕ್ಕ ಮಗಾ?" ಎಂದು ಅಮ್ಮ ಕೇಳಿದರು.

ಭೂಗೋಳದ ಪಾಠ ಆಗ ನನ್ನ ಕೈಹಿಡಿಯಿತು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆ. ನಮ್ಮ ದೇಶದ ಗಡಿಯಾರಕ್ಕೆ ಆಧಾರ ಪೂರ್ವದ 82.5 ಡಿಗ್ರಿಯ ರೇಖೆ. ಅಲ್ಲಿಯದಕ್ಕೆ 60 ಡಿಗ್ರಿಯ ರೇಖೆ. ನಡುವಣ ಅಂತರ 22.5 ಡಿಗ್ರಿ, ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ 90 ನಿಮಿಷ. ಹೋಗುವಾಗ ಅಷ್ಟು ಲಾಭ, ಬರುವಾಗ ಅಷ್ಟೇ ನಷ್ಟ. ನಿಜಕ್ಕೂ ಚಳಿಗಾಲದಲ್ಲಿ ಎತ್ತರದ ಪಡುಗಾಳಿ ಹಿಂದಿನಿಂದ ತಳ್ಳಿದರೆ ಬರುವ ವಿಮಾನವೇ ಬೇಗ ಮುಟ್ಟುತ್ತದೆ ಎಂದು ವಿವರಿಸಿದೆ. ಅಮ್ಮ ಗೆರೆಗಳನ್ನು ನೋಡಿ, "ಹಾಗಾದರೆ ಅವನು ಬರುವ ದಾರಿಯೇ ಹತ್ತಿರ" ಎಂದರು.

ಕಳೆದ ಆಟಿ ತಿಂಗಳಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಸುದ್ದಿ ಅಣ್ಣನಿಗೆ ಮುಟ್ಟಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ರಜೆ ಮಂಜೂರಾಗಲು ಮೂರು ದಿನ, ಕೈಗೆಟಕುವ ಬೆಲೆಯ ಟಿಕೇಟಿಗೆ ಇನ್ನೆರಡು ದಿನ. ಅವನನ್ನು ಎತ್ತಿ ಆಡಿಸಿದ ಅಜ್ಜಿಯ ಚಿತೆಯನ್ನು ಅವನು ಫೋನಿನಲ್ಲೇ ನೋಡಿದ. ಆರನೆಯ ದಿನ ಮಳೆಯಲ್ಲಿ ನೆನೆದು ಬಂದವನು, ಅಜ್ಜಿ ವೀಳ್ಯ ಕುಟ್ಟುತ್ತಿದ್ದ ಮೂಲೆಯಲ್ಲಿ ಬಹಳ ಹೊತ್ತು ಕುಳಿತಿದ್ದ.

ಹಿಂತಿರುಗುವ ಮುನ್ನಾದಿನ ಅವನು, "ನೀನು ಬಿ.ಎ. ಮುಗಿಸು. ಮತ್ತೆ ನಿನಗೂ ಒಂದು ವೀಸಾ ನೋಡುವ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ನನ್ನಿಂದ ಉತ್ತರ ಹೊರಡಲಿಲ್ಲ. ಅವನನ್ನು ಬೀಳ್ಕೊಟ್ಟು ಮರಳುವಾಗ ಜೀಪಿನಲ್ಲಿ ಅಮ್ಮ ಮೆಲ್ಲನೆ ಕೇಳಿದರು: "ಬಸ್ಸು ಹೋಗುವ ಊರಲ್ಲಿ ಎಲ್ಲಿಯೂ ನಿನಗೊಂದು ಕೆಲಸ ಸಿಗಲಿಕ್ಕಿಲ್ಲವಾ ಮಗಾ?"